ಸೀತಾ ಮಿಸ್ಸಿನ ಎರಡು ದನಿ

ಅರುಂಬಾಕ್ಕಂನ ಆ ಬೀದಿಯಲ್ಲಿ ಸೀತಾ ಎಂದು ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. ‘ಪಾಟ್ಟು ಮಿಸ್’, ಅಂದರೆ ಹಾಡಿನ ಮಿಸ್, ಎಂದರೆ ಮಾತ್ರ ಮೂಲೆಯ ಇಸ್ತ್ರಿಯವನೂ ಕೈಯೆತ್ತಿ ಮಹಡಿಯ ಕಡೆ ತೋರಿಸುತ್ತಿದ್ದ. ನಂಜನಗೂಡಿನ ಹುಡುಗಿ ಮದುವೆಯಾಗಿ ಮದರಾಸಿಗೆ ಬಂದದ್ದು ಇಪ್ಪತ್ತೆರಡರ ಪ್ರಾಯದಲ್ಲಿ. ಗಂಡ ನಂಜುಂಡನಿಗೆ ರೈಲ್ವೆಯಲ್ಲಿ ಕೆಲಸ, ಸಂಗೀತದಲ್ಲಿ ಕಿವಿ ಅಷ್ಟಕ್ಕಷ್ಟೆ. ಹೊತ್ತು ಹೋಗಲೆಂದು ಪಕ್ಕದ ಮನೆಯ ಮಗುವಿಗೆ ಸರಳೆ ವರಸೆ ಹೇಳಿಕೊಟ್ಟದ್ದು ಬೆಳೆದು ಭಾನುವಾರದ ಕ್ಲಾಸಾಯಿತು. ಕನ್ನಡದ ಮನೆಗಳ ಮಕ್ಕಳು ದೂರದೂರದಿಂದ ಬರುತ್ತಿದ್ದರು. ಮಾತೆಲ್ಲ ತಮಿಳು, ಹಾಡು ಮಾತ್ರ ಕನ್ನಡ. ‘ಬಾರಮ್ಮ’ ಎನ್ನಬೇಕಾದಲ್ಲಿ ‘ಪಾರಮ್ಮ’ ಎಂದ ಮಗುವಿನ ತಲೆಯ ಮೇಲೆ ಮೆಲ್ಲಗೆ ಮೊಟಕಿ, ತುಟಿ ಹೇಗೆ ಕೂಡಿಸಬೇಕೆಂದು ತೋರಿಸುವುದು ಸೀತಾಳಿಗೆ ಆಟದಂತಿತ್ತು.

ಐವತ್ತಾರನೆಯ ವಯಸ್ಸಿಗೆ ಕತ್ತಿನಲ್ಲಿ ಗಂಟು ಕಾಣಿಸಿತು. ಪೋರೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಡಾಕ್ಟರು ಮೊದಲೇ ಹೇಳಿದ್ದರು: “ಜೀವಕ್ಕೇನೂ ಭಯವಿಲ್ಲಮ್ಮ. ದನಿ ಸ್ವಲ್ಪ ಬದಲಾಗಬಹುದು.” ಸ್ವಲ್ಪ ಎಂದರೆ ಎಷ್ಟು ಎಂದು ಆಗ ಕೇಳಬೇಕೆನಿಸಿರಲಿಲ್ಲ. ಗಾಯ ಮಾಗಿದ ಮೇಲೆ ಒಂದು ದಿನ ಬಚ್ಚಲಮನೆಯಲ್ಲಿ ನೀರು ಬಿಟ್ಟುಕೊಂಡು ಮೇಲಿನ ಷಡ್ಜ ಹಿಡಿಯಹೋದಳು. ಸ್ವರ ಬರಲಿಲ್ಲ, ಬರೀ ಗಾಳಿ ಬಂತು. ಕೆಳಗಿನ ಸ್ವರಗಳು ಉಳಿದಿದ್ದವು, ಆದರೆ ದಪ್ಪಗೆ, ಒರಟಾಗಿ, ಯಾರದೋ ದನಿಯ ಹಾಗೆ. ಒಂದು ಸಾಲು ಮುಗಿಯುವುದರೊಳಗೆ ಉಸಿರು ಸೋರಿಹೋಗುತ್ತಿತ್ತು. ಮಕ್ಕಳ ತಾಯಂದಿರಿಗೆ ಮೊಣಕಾಲು ನೋವು ಎಂದು ಹೇಳಿ ಕ್ಲಾಸು ನಿಲ್ಲಿಸಿದಳು.

ವರ್ಷ ಕಳೆದ ಮೇಲೆ ಸರಸ ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ಕುಂದಾಪುರದ ಕಡೆಯವಳು, ಅವಳ ಗಂಡ ಪದ್ಮನಾಭ ಕೋಯಂಬೇಡಿನ ಬಸ್ ನಿಲ್ದಾಣದ ಹತ್ತಿರ ಹೋಟೆಲು ನಡೆಸುತ್ತಿದ್ದ. ಮಗಳು ಪ್ರಣಮ್ಯಾ ಸೀತಾಳ ಬಳಿ ಎಂಟು ವರ್ಷ ಪಾಠ ಕಲಿತವಳು. ಈಗ ಅವಳ ಮದುವೆ.

“ನಿಮ್ಮ ಆ ಹಸೆ ಹಾಡ್ ಇಲ್ದೆ ಮದಿ ಹ್ಯಾಂಗ್ ಆತ್ತ್ ಮಾರಾಯ್ರೆ? ನಂಗೆ ಬೇರೆ ಹಾಡ್ ಬ್ಯಾಡ,” ಎಂದಳು ಸರಸ, ಅಕ್ಷತೆ ಕೊಡುತ್ತ.

ಮದುಮಗಳನ್ನು ಹಸೆಮಣೆಗೆ ಕರೆಯುವ ಆ ಹಾಡು ಸೀತಾ ತಾನೇ ಕಟ್ಟಿದ್ದು. ಮದರಾಸಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಹೊಳೆ, ತೋಟ ಎಲ್ಲಿಂದ ತರುವುದೆಂದು ‘ಕಡಲಿನ ಗಾಳಿಗೆ ಸೆರಗು ಹಾರೀತು, ಹಿಡಿದು ಬಾರೇ ಮಗಳೆ’ ಎಂದು ಶುರು ಮಾಡಿ, ಆನಂದಭೈರವಿಯಲ್ಲಿ ಕೂರಿಸಿದ್ದಳು. ಎಲ್ಲೂ ರೆಕಾರ್ಡ್ ಆಗಿರಲಿಲ್ಲ. ಸ್ವರ ಬರೆದಿಟ್ಟಿರಲಿಲ್ಲ. ಇದ್ದದ್ದು ಅವಳ ಗಂಟಲಿನಲ್ಲಿ ಮಾತ್ರ.

“ಮಿಸ್, ನೀಂಗದಾನ್ ಪಾಡಣುಂ,” ಎಂದು ಪ್ರಣಮ್ಯಾ ಹಟ ಹಿಡಿದಳು. ನೀವೇ ಹಾಡಬೇಕು ಎಂಬ ಆ ಮಾತು ಕೇಳಿ ಸೀತಾ ಕತ್ತಿನ ಗೆರೆಯ ಮೇಲೆ ಸೆರಗು ಎಳೆದುಕೊಂಡಳು.

“ನನ್ನ ದನಿ ಹೋಯ್ತಲ್ಲೇ ಕಂದ. ಆಗಲ್ಲ.”

ಹುಡುಗಿಯ ಮುಖ ಇಳಿಯಿತು. ಕೊನೆಗೆ ಸರಸಳೇ ದಾರಿ ಹುಡುಕಿದಳು: ಪ್ರಣಮ್ಯಾಳ ಚಿಕ್ಕಮ್ಮನ ಮಗಳು ತೃಷಾ ಬೆಸೆಂಟ್ ನಗರದಲ್ಲಿದ್ದಾಳೆ, ಚೆನ್ನಾಗಿ ಹಾಡುತ್ತಾಳೆ, ಅವಳೇ ಹಾಡಲಿ; ಧಾಟಿ ತಿಳಿಯುವಷ್ಟು ಒಮ್ಮೆ ಹಾಡಿ ಕಳಿಸಿದರೆ ಸಾಕು.

ಅವರು ಹೋದ ಮೇಲೆ ಸೀತಾ ಫೋನು ಹಿಡಿದು ಕೂತಳು. ಎರಡನೆಯ ಸಾಲಿನ ನಡುವೆಯೇ ಉಸಿರು ಮುಗಿಯಿತು. ಅಳಿಸಿದಳು. ಮತ್ತೆ ಹಾಡಿದಳು, ಮತ್ತೆ ಅಳಿಸಿದಳು.

ಮಗ ಅರವಿಂದ್ ಇದನ್ನು ನೋಡಿದ್ದನೋ ಏನೋ, ಶನಿವಾರ ಬೆಳಿಗ್ಗೆ ತನ್ನ ಕೋಣೆಯಿಂದ ಪುಸ್ತಕದಷ್ಟಗಲದ ಕಪ್ಪು ಯಂತ್ರವೊಂದನ್ನು ತಂದು ಊಟದ ಮೇಜಿನ ಮೇಲಿಟ್ಟ. ಗೆಳೆಯರ ಜೊತೆ ಬ್ಯಾಂಡ್ ಕಟ್ಟಿದಾಗ ಕೊಂಡಿದ್ದ ರೆಕಾರ್ಡರು. ಮುಂದೆ ಎರಡು ಪುಟ್ಟ ಮೈಕು, ಮೈಮೇಲೆ ದನಿ ಏರಿಸಿ ಇಳಿಸಲು ಸಾಲಾಗಿ ನಾಲ್ಕು ಜಾರುಗುಂಡಿ.

“ಪಾರುಮ್ಮಾ, ನೋಡು, ಇದು ಫೋನ್ ಥರ ಅಲ್ಲ,” ಎಂದ. “ನಾಲ್ಕು ಟ್ರ್ಯಾಕ್ ಇದೆ, ಒಂದೊಂದಕ್ಕೆ ಒಂದು ಗುಂಡಿ. ಒಂದರಲ್ಲಿ ನಿನ್ನ ಶ್ರುತಿ ಪೆಟ್ಟಿಗೆ ರೆಕಾರ್ಡ್ ಮಾಡು. ಆಮೇಲೆ ಹೆಡ್‌ಫೋನಲ್ಲಿ ಅದನ್ನ ಕೇಳ್ತಾ ಎರಡನೇದರಲ್ಲಿ ಹಾಡು. ಒಂದು ಕೆಟ್ಟರೆ ಅದನ್ನ ಮಾತ್ರ ಮತ್ತೆ ಮಾಡಬಹುದು, ಇನ್ನೊಂದು ಹಾಗೇ ಇರತ್ತೆ. ಕೆಂಪು ಲೈಟ್ ಯಾವುದರ ಮೇಲಿದೆಯೋ ಅದರಲ್ಲಷ್ಟೇ ದನಿ ಬೀಳೋದು. ಅದೊಂದು ನೋಡ್ಕೊ.”

“ನನಗ್ಯಾಕೋ ಇದೆಲ್ಲ,” ಎಂದಳು ಸೀತಾ. ಆದರೂ ಅವನು ಕೆಲಸಕ್ಕೆ ಹೊರಟ ಮೇಲೆ ಬೀರುವಿನಿಂದ ಶ್ರುತಿ ಪೆಟ್ಟಿಗೆ ತೆಗೆದು ಧೂಳು ಒರೆಸಿದಳು.

ಫ್ಯಾನ್ ಹಾಕಿದರೆ ಅದರ ಸದ್ದೂ ರೆಕಾರ್ಡಾಗುತ್ತಿತ್ತು. ಆರಿಸಿದಳು. ಕಿಟಕಿ ಮುಚ್ಚಿದಳು. ಮದರಾಸಿನ ಮೇ ತಿಂಗಳು. ಕ್ಷಣದಲ್ಲಿ ರವಿಕೆ ಬೆನ್ನಿಗೆ ಅಂಟಿತು. ಶ್ರುತಿ ಚೆನ್ನಾಗಿಯೇ ಬಂತು. ಹಿಂದೆ ಹಾಡುತ್ತಿದ್ದ ಎತ್ತರವಲ್ಲ, ತುಂಬ ಕೆಳಗೆ, ಗಂಡಸರ ಶ್ರುತಿಗೆ ಹತ್ತಿರ. ಹೆಡ್‌ಫೋನು ಹಾಕಿಕೊಂಡು ಎರಡನೆಯ ಟ್ರ್ಯಾಕಿನಲ್ಲಿ ಹಾಡತೊಡಗಿದಳು. ಮೊದಲ ಸಾಲು ದಾಟಿದ್ದೇ ತಡ, ಬಾಗಿಲು ತೆರೆಯಿತು.

“ಸೀತಾ, ಕೊತ್ತಮಲ್ಲಿ ಸಿಗಲಿಲ್ಲ ಕಣೇ, ಪುದೀನ ತಂದೆ!”

ಕೇಳಿ ನೋಡಿದರೆ ಹಾಡಿಗಿಂತ ನಂಜುಂಡನ ಪುದೀನವೇ ಗಟ್ಟಿಯಾಗಿತ್ತು. ಅವಳಿಗೆ ಸಿಟ್ಟೂ ನಗುವೂ ಒಟ್ಟಿಗೆ ಬಂದವು. ನಂಜುಂಡ ಚಪ್ಪಲಿ ಕೂಡ ಸದ್ದಾಗದಂತೆ ಬಿಟ್ಟು, ಚೀಲ ಹಿಡಿದು ಅಡುಗೆಮನೆಗೆ ಬೆಕ್ಕಿನ ಹಾಗೆ ನಡೆದ.

ಅಡಚಣೆಗಳು ನಿಂತರೂ ಉಸಿರು ಕೈಕೊಡುತ್ತಲೇ ಇತ್ತು. ಒಂದು ಸಾಲು ಸರಿ. ಎರಡನೆಯದಕ್ಕೆ ತಯಾರಾಗುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ಬೇಸತ್ತು ನಿಲ್ಲಿಸಿ, ಖಾಲಿಯಿದ್ದ ಮೂರನೆಯ ಗುಂಡಿಯನ್ನು ಸುಮ್ಮನೆ ನೋಡುತ್ತ ಕೂತಳು. ಆಗ ಹೊಳೆಯಿತು. ಎರಡನೆಯದರಲ್ಲಿ ಒಂದು ಸಾಲು ಹಾಡಿ, ಮುಂದಿನ ಸಾಲಿನಷ್ಟು ಜಾಗ ಬಿಟ್ಟು, ಅದರ ಮುಂದಿನದು ಹಾಡಿದರೆ? ಬಿಟ್ಟ ಸಾಲುಗಳನ್ನು ಆಮೇಲೆ ಮೂರನೆಯದರಲ್ಲಿ ತುಂಬಿದರೆ?

ಹಾಗೇ ಮಾಡಿದಳು. ಮನಸ್ಸಿನಲ್ಲೇ ತಾಳ ಹಾಕುತ್ತ ಸುಮ್ಮನಿದ್ದಾಗ ಉಸಿರು ತಾನಾಗಿ ತುಂಬುತ್ತಿತ್ತು. ಹಾಡು ಕೊನೆಯವರೆಗೂ ಹೋಯಿತು. ಖುಷಿಯಲ್ಲಿ ಮೂರನೆಯದಕ್ಕೆ ಶುರುಮಾಡಿ ಮುಗಿಸಿ ಕೇಳಿದರೆ, ಮೊದಲು ಹಾಡಿದ ಸಾಲುಗಳೇ ಇಲ್ಲ! ಕೆಂಪು ಲೈಟು ಎರಡನೆಯದರ ಮೇಲೆಯೇ ಇತ್ತು. ಚೆನ್ನಾಗಿ ಬಂದದ್ದರ ಮೇಲೆ ತಾನೇ ಹಾಡಿ ಅಳಿಸಿಬಿಟ್ಟಿದ್ದಳು. ಮೇಜಿಗೆ ತಲೆಯಿಟ್ಟು ಅತ್ತಳು. ದನಿ ಹೋದಾಗಲೂ ಅವಳು ಹೀಗೆ ಅತ್ತಿರಲಿಲ್ಲ.

ನಂಜುಂಡ ನೀರುಮಜ್ಜಿಗೆ ತಂದಿಟ್ಟ. “ಒಂದು ಸಲ ಬಂದದ್ದು ಇನ್ನೊಂದು ಸಲ ಬರಲ್ವೇನೇ?” ಎಂದ.

ಬಂತು. ಮೊದಲಿನಷ್ಟು ಚೆನ್ನಾಗಿಲ್ಲ ಎಂದು ಅವಳಿಗನಿಸಿತು, ಆದರೆ ಬಂತು. ಎರಡೂ ಗುಂಡಿ ಮೇಲೆತ್ತಿ ಕೇಳಿದಾಗ ಕೋಣೆಯಲ್ಲಿ ಇಬ್ಬರು ಹೆಂಗಸರು ಕೂತು, ಒಬ್ಬರ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದ ಹಾಗಿತ್ತು. ಇಬ್ಬರೂ ವಯಸ್ಸಾದವರು, ಇಬ್ಬರ ದನಿಯೂ ಒರಟು. ಒಂದು ಕಡೆ ಒಬ್ಬಳ ಸಾಲು ಮುಗಿಯುವ ಮೊದಲೇ ಇನ್ನೊಬ್ಬಳು ಆತುರಪಟ್ಟು ಶುರು ಮಾಡಿದ್ದಳು. ಹಸೆ ಹಾಡುವ ಹೆಂಗಸರು ಹಾಗೆಯೇ ಅಲ್ಲವೆ ಎಂದುಕೊಂಡು ಅದನ್ನು ತಿದ್ದದೆ ಬಿಟ್ಟಳು.

ಅರವಿಂದ್ ಅದನ್ನು ಒಂದು ಮಾಡಿ ತೃಷಾಳಿಗೆ ಕಳಿಸಿಕೊಟ್ಟ. ಮರುವಾರ ತೃಷಾ ತಾನೇ ಮನೆಗೆ ಬಂದಳು. ಎತ್ತರದ ಶ್ರುತಿಯಲ್ಲಿ, ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹಾಡಿದಳು. ತನ್ನ ಹಾಡು ಇಷ್ಟು ಚೆನ್ನಾಗಿ ಇನ್ನೊಬ್ಬಳ ಬಾಯಿಂದ ಬಂದದ್ದು ಸೀತಾಳಿಗೆ ಹಿತವಾಗಿರಲಿಲ್ಲ. ಹಾಗನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಹಾಡು ನಿಲ್ಲಿಸಿ ತೃಷಾ ಕೇಳಿದಳು: “ರೆಕಾರ್ಡಿಂಗಲ್ಲಿ ಇನ್ನೊಬ್ರು ಯಾರು ಆಂಟಿ? ಅವ್ರೂ ಬರ್ತಾರಾ?”

“ಎರಡೂ ನಾನೇ ಕಣಮ್ಮ.”

ಹುಡುಗಿ ಅವಳನ್ನೇ ನೋಡಿದಳು. “ಹಾಗಾದ್ರೆ ನಾನೊಬ್ಳೇ ಹಾಡಿದ್ರೆ ಚೆನ್ನಾಗಿರಲ್ಲ ಆಂಟಿ. ಕೇಳ್ಕೊಂಡು ಕೇಳ್ಕೊಂಡು ನಂಗೆ ಹಾಗೇ ಅಭ್ಯಾಸ ಆಗೋಗಿದೆ. ಒಂದು ಸಾಲು ನೀವು ಹಾಡಿ. ನಾನು ಶ್ರುತಿ ಇಳಿಸ್ಕೊತೀನಿ.”

ವಡಪಳನಿಯ ಛತ್ರದಲ್ಲಿ ಮದುವೆ. ಸೀತಾ ಹಸೆಯ ಪಕ್ಕದಲ್ಲಿ ತೃಷಾಳ ಮಗ್ಗುಲಲ್ಲಿ ಕೂತಳು. ತನ್ನ ಪಾಲಿನ ಮೂರನೆಯ ಸಾಲಿನ ನಡುವೆ ಅವಳ ದನಿ ಬಿರಿಯಿತು, ಆದರೂ ಮುಗಿಸಿದಳು. ಕೊನೆಯ ನುಡಿಗೆ ಬರುವಷ್ಟರಲ್ಲಿ ನಾದಸ್ವರದವರು ಮುಹೂರ್ತವಾಯಿತೆಂದು ತಪ್ಪಾಗಿ ತಿಳಿದು ಊದಲು ಶುರು ಮಾಡಿದರು. ಇಬ್ಬರ ಹಾಡೂ ಅದರಲ್ಲಿ ಮುಳುಗಿಹೋಯಿತು. ಇಬ್ಬರೂ ಬಿಡದೆ ಬಾಯಿ ಆಡಿಸುತ್ತ, ಒಬ್ಬರನ್ನೊಬ್ಬರು ನೋಡಿ ನಗು ತಡೆಯಲಾರದೆ ಮುಗಿಸಿದರು. ಪ್ರಣಮ್ಯಾ ಬಾಸಿಂಗದ ಕೆಳಗಿನಿಂದ ಇಣುಕಿ ತಾನೂ ನಕ್ಕಳು.

ಊಟದ ಪಂಕ್ತಿಯಲ್ಲಿ ಒಬ್ಬ ತಾಯಿ ಬಂದು, ಮಗಳಿಗೆ ಪಾಠ ಹೇಳುತ್ತೀರಾ ಎಂದು ಕೇಳಿದಳು. ಸೀತಾ ಈ ಸಲ ಮರೆಮಾಚಲಿಲ್ಲ.

“ಮೇಲಿನ ಸ್ವರ ನನಗೆ ಬರಲ್ಲಮ್ಮ, ಆಪರೇಷನ್ ಆಗಿದೆ. ಮಕ್ಕಳಿಗೆ ಹೇಗೆ ತರಿಸಬೇಕು ಅಂತ ಗೊತ್ತಿದೆ. ಅಷ್ಟು ಸಾಕಾದರೆ ಕಳಿಸಿ.”

ಈಗ ಭಾನುವಾರ ಮತ್ತೆ ಮಹಡಿಯ ಮೆಟ್ಟಿಲ ಮೇಲೆ ಪುಟ್ಟ ಚಪ್ಪಲಿಗಳು ಬಿದ್ದಿರುತ್ತವೆ. ಮೊದಲಿನಷ್ಟಲ್ಲ, ಐದಾರು ಜೋಡಿ. ಮಕ್ಕಳು ಸರದಿಯಂತೆ ಹೆಡ್‌ಫೋನು ಹಾಕಿಕೊಂಡು ತಮ್ಮ ತಮ್ಮ ಸಾಲು ಹಾಡುತ್ತಾರೆ. ತನ್ನ ಟ್ರ್ಯಾಕೇ ಗಟ್ಟಿಯಾಗಿ ಕೇಳಬೇಕೆಂದು ಜಗಳವಾಡುತ್ತಾರೆ. ಯಾರ ಗುಂಡಿ ಎಷ್ಟು ಏರಬೇಕೆಂಬ ತೀರ್ಮಾನ ಮಾತ್ರ ಪಾಟ್ಟು ಮಿಸ್ಸಿನದು.