ಬಚ್ಚಲೊಲೆಯಲ್ಲಿ ಕಾವಿಗೆ ಕೂತ ಹ್ಯಾಟೆ

ನನ್ನ ಓರಗಿತ್ತಿಯನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ನನ್ನನ್ನು ದೊಡ್ಡ ಮನಸ್ಸಿನವಳು ಎಂದು ತಪ್ಪು ತಿಳಿಯಬಾರದು. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಕುಂಬಾರಕೊಪ್ಪಲಿನ ಒಂದೇ ಮನೆಗೆ ಇಬ್ಬರೂ ಸೊಸೆಯರಾಗಿ ಬಂದೆವು. ಈಗ ಆ ಮನೆಯ ನಡುವೆ ಗೋಡೆ ಎದ್ದಿದೆ. ಹಿತ್ತಿಲಿಗೂ ಗೋಡೆ ಎಬ್ಬಿಸುವ ಹೊತ್ತಿಗೆ ಅಣ್ಣತಮ್ಮಂದಿರಿಗೆ ಸಾಕಾಗಿ, ನೆಲದ ಮೇಲೆ ಒಂದು ಸಾಲು ಇಟ್ಟಿಗೆ ಜೋಡಿಸಿ ಕೈ ತೊಳೆದುಕೊಂಡರು. ಆ ಸಾಲನ್ನು ಬೆಕ್ಕು ದಾಟುತ್ತದೆ, ಕೋಳಿ ದಾಟುತ್ತದೆ, ನಾನು ದಾಟುವುದಿಲ್ಲ.

ನಾವು ಮಾತು ಬಿಟ್ಟದ್ದು ಗೋಡೆಗಾಗಿ ಅಲ್ಲ, ಅವಳ ಮಗಳಿಗಾಗಿ. ಮಗು ಇನ್ನೂ ಅಂಬೆಗಾಲಿಡುವ ಮೊದಲೇ ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟಳು. ನನಗೆ ಮಕ್ಕಳಿಲ್ಲ. ಬೆಳಿಗ್ಗೆ ಮಗುವನ್ನು ನನ್ನ ಮಡಿಲಿಗೆ ಹಾಕಿ ಬಸ್ಸಿಗೆ ಓಡುತ್ತಿದ್ದಳು. ರಾಗಿಸರಿ ತಿನ್ನಿಸಿದ್ದು, ಎಣ್ಣೆ ಒತ್ತಿ ನೀರು ಹಾಕಿದ್ದು, ದಡಾರ ಎದ್ದಾಗ ಬೇವಿನಸೊಪ್ಪು ಬೀಸುತ್ತಾ ಕೂತದ್ದು, ಶಾಲೆಯ ಗೇಟಿನವರೆಗೆ ಕೈ ಹಿಡಿದು ಬಿಟ್ಟು ಬಂದದ್ದು ಎಲ್ಲ ನಾನು. ಮನೆ ಭಾಗವಾದ ದಿನ ಅವಳು ಬಂದು, "ಇನ್ಮೇಲೆ ನಮ್ಮ ಮಗೂನ ನಾವೇ ನೋಡ್ಕೋತೀವಿ" ಎಂದಳು. ಹುಡುಗಿಯ ಬಟ್ಟೆಗಳನ್ನು ನನ್ನ ಬೀರುವಿನಿಂದ ತೆಗೆದು ಒಂದು ಬ್ಯಾಗಿಗೆ ತುರುಕಿಕೊಂಡು ಹೋದಳು. ಇಟ್ಟಿಗೆ ಸಾಲು ದಾಟಬೇಡ ಎಂದು ಹುಡುಗಿಗೂ ಆಜ್ಞೆಯಾಯಿತು. ಪಾತ್ರೆ, ಮಂಚ, ಮಾಡಿನ ಹೆಂಚು ಯಾವುದು ಯಾರಿಗೆ ಹೋಯಿತೋ ನನಗೆ ನೆನಪಿಲ್ಲ. ನನಗೆ ಬೇಕಾಗಿದ್ದದ್ದು ಆ ಹುಡುಗಿ, ಇವತ್ತಿಗೂ ಅಷ್ಟೇ.

ಹುಡುಗಿಗೆ ಕೋಳಿಪಿಳ್ಳೆ ಎಂದರೆ ಪ್ರಾಣ. ನನ್ನ ಕಡೆ ಮೊಟ್ಟೆಯೊಡೆದು ಪಿಳ್ಳೆಗಳು ಎದ್ದವೆಂದರೆ ಶಾಲೆಯಿಂದ ಬಂದವಳು ಯೂನಿಫಾರ್ಮ್ ಕೂಡ ಬಿಚ್ಚದೆ ಇಟ್ಟಿಗೆ ಸಾಲಿನ ಆಚೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು. ನಾನು ಬೇಕೆಂದೇ ಸಾಲಿನ ಪಕ್ಕದಲ್ಲೇ ನುಚ್ಚು ಚೆಲ್ಲುತ್ತಿದ್ದೆ. ಪಿಳ್ಳೆಗಳು ಅಲ್ಲಿಗೆ ಓಡುತ್ತಿದ್ದವು, ಅವಳು ಅಲ್ಲೇ ಇರುತ್ತಿದ್ದಳು, ನಾನೂ ಇರುತ್ತಿದ್ದೆ. ನಾವು ಹೆಚ್ಚೇನೂ ಮಾತಾಡುತ್ತಿರಲಿಲ್ಲ. ನಮ್ಮ ಬೀದಿಯ ಬೇರೆ ಹೆಂಗಸರು ಮೊಟ್ಟೆಯಾಸೆಗೆ ಹ್ಯಾಟೆಕೋಳಿಗಳ ಕಾವು ಬಿಡಿಸುತ್ತಾರೆ. ಬಕೆಟ್ ನೀರಿನಲ್ಲಿ ಅದ್ದುತ್ತಾರೆ, ಅದರದೇ ಪುಕ್ಕ ಕಿತ್ತು ಅದರ ಮೂಗಿಗೆ ಚುಚ್ಚುತ್ತಾರೆ. ನಾನು ಮಾತ್ರ ಯಾವ ಹ್ಯಾಟೆ ಕೂರುತ್ತೇನೆಂದರೂ ಕೂರಿಸುತ್ತಿದ್ದೆ. ನನಗೆ ಪಿಳ್ಳೆ ಬೇಕಿತ್ತು, ಪಿಳ್ಳೆಯ ಹಿಂದೆ ಹುಡುಗಿ ಬರಬೇಕಿತ್ತು.

ಹೀಗಿರುವಾಗ ನಾವು ಒಂದು ಮದುವೆಗೆ ಹೋಗಿದ್ದ ದಿನ ಬೀದಿನಾಯಿಗಳು ಹಿತ್ತಿಲಿಗೆ ನುಗ್ಗಿ ಹುಂಜವನ್ನೂ ಬಿಡದೆ ಎಲ್ಲ ಕೋಳಿಗಳನ್ನೂ ಕಚ್ಚಿ ಹಾಕಿದವು. ಹಿಂದಿನ ಗೇಟು ತೆರೆದಿಟ್ಟವಳು ಓರಗಿತ್ತಿಯೇ ಎಂದು ನನ್ನ ನಂಬಿಕೆ. ಸಾಕ್ಷಿ ಇಲ್ಲ, ನನಗೆ ಬೇಕಾಗಿಯೂ ಇಲ್ಲ. ಉಳಿದದ್ದು ಎಲ್ಲೋ ಅವಿತಿದ್ದ ಒಂದು ಕರಿ ಹ್ಯಾಟೆ. ಕೆಲವು ವಾರ ಕಳೆದ ಮೇಲೆ ಅದೂ ಕಾಣೆಯಾಯಿತು. ಹುಡುಕಿ ಹುಡುಕಿ ನೋಡಿದರೆ ಅವಳ ಭಾಗಕ್ಕೆ ಹೋಗಿದ್ದ ಹಳೇ ಬಚ್ಚಲುಮನೆಯಲ್ಲಿತ್ತು. ಗೀಸರ್ ಬಂದ ಮೇಲೆ ಅಲ್ಲಿನ ಒಲೆಗೆ ಬೆಂಕಿಯೇ ಇಲ್ಲ. ಒಲೆಯ ಬಾಯೊಳಗೆ, ಮೆತ್ತನೆ ಬೂದಿಯ ಮೇಲೆ, ಮೈ ಉಬ್ಬಿಸಿಕೊಂಡು ಮಹಾರಾಣಿ ಕಾವಿಗೆ ಕೂತಿದ್ದಳು. ಕದ ಮುರಿದಿದ್ದರಿಂದ ನನ್ನ ಕಡೆಯಿಂದಲೇ ಅದರ ಬಾಲ ಕಾಣುತ್ತಿತ್ತು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ನಮ್ಮ ಹಿತ್ತಿಲಲ್ಲಿ ಓರಗಿತ್ತಿ ಮೇಲಿನ ಕೋಪವೆಲ್ಲ ಹ್ಯಾಟೆಯ ಮೇಲೆ. ಅವಳು ಬಚ್ಚಲುಮನೆಯ ಮುಂದೆ ನಿಂತು, ನನಗೆ ಕೇಳುವಷ್ಟು ಗಟ್ಟಿಯಾಗಿ ಅದನ್ನು ಬೈದಳು.

"ಏನೇ, ಇರೋ ಜಾಗ್ದಲ್ಲಿ ಇರಕ್ಕಾಗಲ್ವೇನೆ ನಿಂಗೆ? ಕಂಡೋರ ಒಲೇಲಿ ಬಂದು ಕೂತ್ಕೊಂಡ್ಬುಟ್ಟು ನನ್ನ ಮೇಲೇ ಗುರ್ ಅಂತೀಯಲ್ಲ! ನಿಮ್ಮ ಮನೆಯೋಳಂಗೇ ಕಣೆ ನೀನು."

ನಾನು ಬಟ್ಟೆ ಹಿಂಡುತ್ತಾ ಬಕೆಟ್ಟಿಗೆ ಉತ್ತರ ಹೇಳಿದೆ. "ಕಾವಿಗೆ ಕೂತಿರೋದನ್ನ ಎಬ್ಬಿಸಿದ್ರೆ ಏನಾಯ್ತದೆ ಅಂತ ಗೊತ್ತಿರೋರಿಗೆ ಗೊತ್ತಿರ್ತದೆ. ಎಬ್ಬಿಸ್ಲಿ, ನೋಡ್ತೀನಿ."

ಅವಳು ಎಬ್ಬಿಸಲಿಲ್ಲ. ಕಾವು ಬಿಡಿಸುವವರೂ ಮೊಟ್ಟೆ ಮೇಲೆ ಕೂತದ್ದನ್ನು ಎಬ್ಬಿಸುವುದಿಲ್ಲ, ಕಾವಿಗೆ ಕೂತ ಹ್ಯಾಟೆ ಎಲ್ಲಿ ಕೂತಿದೆಯೋ ಆ ಜಾಗ ಅಷ್ಟು ದಿನ ಅದರದೇ. ಒಂದು ಸಂಜೆ ಗುಡುಗು ಶುರುವಾಯಿತು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಪಕ್ಕದಲ್ಲಿ ಕಬ್ಬಿಣ ಇಡುವುದು ನಮ್ಮ ರೂಢಿ. ಒಂದು ತುಂಡು ಕಬ್ಬಿಣ ಇಡುವ ಗತಿಯೂ ಇಲ್ಲವೇ ಕೆಲವರಿಗೆ ಎಂದು ಬಕೆಟ್ಟಿಗೆ ಹೇಳಲು ಹೊರಗೆ ಬಂದೆ. ನೋಡಿದರೆ ಒಲೆಗೆ ಒರಗಿಸಿ ಆಗಲೇ ಕುಡುಗೋಲು ಇಟ್ಟಿದ್ದಳು. ಬೈಯುವ ಅವಕಾಶ ತಪ್ಪಿಸಿದಳಲ್ಲ ಎಂದು ಇನ್ನಷ್ಟು ಉರಿಯಿತು.

ಹ್ಯಾಟೆ ದಿನಕ್ಕೊಂದು ಸಲ ಮಾತ್ರ ಏಳುತ್ತಿತ್ತು. ಕೊಕ್ಕೊಕ್ಕೊಕ್ ಎಂದು ಗದರಿಕೊಂಡು ಸಾಲು ದಾಟಿ ಬಂದು, ನಾನು ಇಟ್ಟ ನುಚ್ಚು ನೀರು ಮುಗಿಸಿ, ಮಣ್ಣಲ್ಲಿ ಹೊರಳಾಡಿ, ಮತ್ತೆ ಓಡುತ್ತಿತ್ತು. ಆಗೆಲ್ಲ ನನಗೆ ಒಂದೇ ಚಿಂತೆ. ಹುಂಜ ಸತ್ತ ಮೇಲೂ ಸ್ವಲ್ಪ ದಿನ ಹ್ಯಾಟೆ ಇಡುವ ಮೊಟ್ಟೆಯಲ್ಲಿ ಜೀವ ಇರುತ್ತದೆ, ಆಮೇಲೆ ಇರುವುದಿಲ್ಲ. ಇವು ಯಾವಾಗಿನ ಮೊಟ್ಟೆಗಳೋ? ಬ್ಯಾಟರಿ ಹಾಕಿ ಬೆಳಕಿಗೆ ಹಿಡಿದು ನೋಡಿದರೆ ತಿಳಿಯುತ್ತಿತ್ತು. ಆದರೆ ಅದಕ್ಕೆ ಇಟ್ಟಿಗೆ ಸಾಲು ದಾಟಬೇಕು. ನಾನು ದಾಟಲಿಲ್ಲ. ಈ ಸಲ ಪಿಳ್ಳೆ ಏಳದಿದ್ದರೆ ನನ್ನ ಕೋಳಿಯ ಸಂತತಿ ಮುಗಿಯಿತು, ಹುಡುಗಿ ಸಾಲಿನ ಹತ್ತಿರ ಬರುವುದೂ ಮುಗಿಯಿತು ಎಂದು ಗೊತ್ತಿದ್ದೂ ದಾಟಲಿಲ್ಲ.

ಒಂದು ಬೆಳಿಗ್ಗೆ ಆ ಕಡೆಯಿಂದ ಹುಡುಗಿ ಕೂಗಿದಳು, "ಪಿಳ್ಳೆ ಎದ್ದವೆ!" ನನಗೆಂದು ಕೂಗಲಿಲ್ಲ, ಆಕಾಶಕ್ಕೆ ಕೂಗಿದಳು. ಆದರೂ ಕೈಲಿದ್ದ ಮೊರ ಕೆಳಗಿಟ್ಟು ಸಾಲಿನ ಹತ್ತಿರ ಓಡಿದೆ. ಸ್ವಲ್ಪ ಹೊತ್ತಿಗೆ ಹ್ಯಾಟೆ ತನ್ನ ಪರಿವಾರ ಕಟ್ಟಿಕೊಂಡು ಸಾಲು ದಾಟಿ ನುಚ್ಚಿನ ಜಾಗಕ್ಕೆ ಬಂತು. ನಾನು ನೆಲದ ಮೇಲೆಯೇ ಕೂತುಬಿಟ್ಟೆ. ಒಂದು ಪಿಳ್ಳೆಯನ್ನು ಅಂಗೈಯಲ್ಲಿ ಎತ್ತಿಕೊಂಡೆ. ಅದರ ಕತ್ತು ಬೋಳಾಗಿತ್ತು. ಇನ್ನೊಂದನ್ನು ನೋಡಿದೆ, ಅದರದ್ದೂ ಬೋಳು. ಎಲ್ಲವಕ್ಕೂ ಕತ್ತಿನ ಸುತ್ತ ಒಂದು ಎಳೆ ಪುಕ್ಕವಿಲ್ಲ, ಕೆಂಪು ಚರ್ಮ.

ನಮ್ಮ ಕೋಳಿಗಳಲ್ಲಿ ಯಾವತ್ತೂ ಬೋಳುಕತ್ತಿನ ಜಾತಿ ಇರಲಿಲ್ಲ. ಅದು ಇದ್ದದ್ದು ಓರಗಿತ್ತಿಯ ತವರಿನಲ್ಲಿ, ನರಸೀಪುರದ ಕಡೆ. ಹೊಸದರಲ್ಲಿ ಒಮ್ಮೆ ಅಲ್ಲಿಗೆ ಹೋಗಿದ್ದಾಗ, ಅವಳನ್ನು ಇನ್ನೂ ಅಕ್ಕ ಅನ್ನುತ್ತಿದ್ದ ಕಾಲ, "ಏನಕ್ಕಾ, ನಿಮ್ಮೂರ ಕೋಳಿಗೆಲ್ಲ ಒಂದೊಂದು ಮಫ್ಲರ್ ಕೊಡ್ಸಬಾರ್ದಾ" ಎಂದು ರೇಗಿಸಿದ್ದೆ. ಈಗ ನಗು ಬರಲಿಲ್ಲ. ನನ್ನ ಹ್ಯಾಟೆ ನನ್ನ ಕಡೆ ಬಂದು ನುಚ್ಚು ತಿನ್ನುವ ಹೊತ್ತಿನಲ್ಲಿ ಅದರ ಮೊಟ್ಟೆಗಳನ್ನೆಲ್ಲ ಎತ್ತಿ ಬಿಸಾಕಿ, ತನ್ನ ತವರಿನ ಮೊಟ್ಟೆ ಇಟ್ಟಿದ್ದಾಳೆ. ಒಬ್ಬರ ಕೋಳಿ, ಇನ್ನೊಬ್ಬರ ಮೊಟ್ಟೆಯಾದರೆ ಮರಿ ಅರ್ಧರ್ಧ, ಅದು ಎಲ್ಲರೂ ಒಪ್ಪುವ ಪದ್ಧತಿ. ಆದರೆ ಕೇಳಿ ಇಡುತ್ತಾರೆ, ಕದ್ದು ಇಡುವುದಿಲ್ಲ. ಮೈಯೆಲ್ಲ ಉರಿದುಹೋಯಿತು. ಇಟ್ಟಿಗೆ ಸಾಲಿನ ಮುಂದೆ ನಿಂತು, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಅವಳ ಮುಖಕ್ಕೇ ಮಾತಾಡಿದೆ.

"ನನ್ನ ಹ್ಯಾಟೆ ಕೆಳಗಿನ ಮೊಟ್ಟೆ ಮುಟ್ಟು ಅಂತ ಯಾರ್ ಹೇಳಿದ್ರು ನಿಂಗೆ? ಒಂದು ಮಾತು ಕೇಳಕ್ಕಾಗ್ತಿರ್ಲಿಲ್ವಾ?"

"ಕೋಳಿ ಕೇಳಿ ಮಸಾಲೆ ಅರೀತಾರೇನೆ?" ಎಂದಳು ಅವಳು, ಪಾತ್ರೆ ಉಜ್ಜುವ ಕೈ ನಿಲ್ಲಿಸದೆ. ಆಮೇಲೆ ತಲೆಯೆತ್ತಿದಳು. "ಅವೆಲ್ಲ ಜೊಳ್ಳು ಕಣೆ. ಬ್ಯಾಟ್ರಿ ಬುಟ್ಟು ನೋಡ್ದೆ, ಒಂದ್ರಲ್ಲೂ ಏನೂ ಇರ್ಲಿಲ್ಲ. ಹುಂಜ ಇಲ್ದೆ ಎಲ್ಲಿಂದ ಬಂದಾತು? ಚಿಕ್ಕವ್ವನ ಹ್ಯಾಟೆ ಸುಮ್ನೆ ಕೂತು ಒಣಗೋಯ್ತದೆ ಅಂತ ಇವ್ಳು ಊಟ ಬುಟ್ಟು ಅಳ್ತಾ ಕೂತ್ಲು. ಅದ್ಕೇ ನಮ್ಮೂರಿಂದ ತರಿಸ್ದೆ."

ಹುಡುಗಿ ನುಗ್ಗೆಮರದ ಹತ್ತಿರ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನನಗಾಗಿ ಊಟ ಬಿಟ್ಟಿದ್ದಳು ಎಂದು ಕೇಳಿ ಎದೆ ಹಿಗ್ಗಿತು. ಅದನ್ನು ಇವಳ ಬಾಯಿಂದ ಕೇಳಬೇಕಾಯಿತಲ್ಲ ಎಂದು ಅಷ್ಟೇ ಬೇಗ ಕುದಿಯಿತು.

"ನಿನ್ನ ಉಪ್ಕಾರ ನಂಗ್ ಬ್ಯಾಡ. ಪದ್ಧತಿ ಪ್ರಕಾರ ಅರ್ಧ ತಗೊಂಡೋಗು" ಎಂದೆ.

"ಒಂದೂ ಬ್ಯಾಡ. ಎಲ್ಲಾ ನೀನೇ ಇಟ್ಕೊ. ಮೊಟ್ಟೆ ಯಾರ್ದಾದ್ರೇನು, ಕಾವು ಕೊಟ್ಟೋರ್ದೇ ಮರಿ."

ಎಷ್ಟು ಸಲೀಸಾಗಿ ಅಂದಳು! ಒದ್ದೆ ಕೈಯಲ್ಲೇ ಮುಂಗೂದಲು ಹಿಂದಕ್ಕೆ ತಳ್ಳಿಕೊಂಡು, ಯಾರೋ ಪಕ್ಕದ ಮನೆಯವರಿಗೆ ಕರಿಬೇವು ಕಿತ್ತುಕೊಟ್ಟಂತೆ ಅಂದಳು. ನಮ್ಮ ಮಗೂನ ನಾವೇ ನೋಡ್ಕೋತೀವಿ ಎಂದಿದ್ದ ಬಾಯಲ್ಲೇ ಈ ಮಾತೂ ಬಂತು.

"ಹಂಗಾದ್ರೆ ನನ್ನ ಮಗಳನ್ನ ಕೊಡು."

ಅವಳು ಪಾತ್ರೆ ಕೆಳಗಿಟ್ಟಳು. ಹುಡುಗಿಗೆ "ಒಳಗೋಗು" ಎಂದಳು. ಹುಡುಗಿ ಹೋಗಲಿಲ್ಲ. ಇನ್ನೊಮ್ಮೆ ಗದರಿದ ಮೇಲೆ ಹೋದಳು. ಓರಗಿತ್ತಿ ಎದ್ದು ಇಟ್ಟಿಗೆ ಸಾಲಿನವರೆಗೆ ಬಂದು ನನ್ನೆದುರು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ, ನಾನೂ ಸಿದ್ಧವಾಗಿದ್ದೆ.

"ಕೊಡೋಕೆ ನನ್ನತ್ರ ಇದ್ರೆ ತಾನೆ?" ಎಂದಳು. ದನಿ ಇಳಿದಿತ್ತು. "ಜ್ವರ ಬಂದ್ರೆ ಇವತ್ತಿಗೂ ಚಿಕ್ಕವ್ವಾ, ಚಿಕ್ಕವ್ವಾ ಅಂತಾನೇ ನರಳ್ತಾಳೆ. ಹಣೆ ಮೇಲೆ ಒದ್ದೆಬಟ್ಟೆ ಹಾಕ್ಕೊಂಡು ಕೂತಿರೋಳು ನಾನು. ಹೆತ್ತೋಳು. ಅದು ನಿನ್ ಕಿವಿಗೆ ಬೀಳ್ಬಾರ್ದು ಅಂತ ಎದ್ದೋಗಿ ನಿಮ್ ಕಡೆ ಕಿಟಕಿ ಮುಚ್ತೀನಿ."

ಅವಳ ಕಣ್ಣು ತುಂಬಿತ್ತು. ನಿಜ ಹೇಳುತ್ತೇನೆ, ನನಗೆ ಕನಿಕರ ಬರಲಿಲ್ಲ. ಹೊಟ್ಟೆ ತಣ್ಣಗಾಯಿತು. ಅಷ್ಟು ವರ್ಷ ನಾನೊಬ್ಬಳೇ ಉರಿದೆನೆಂದುಕೊಂಡಿದ್ದೆ. ಒಂದು ಸಮಾಧಾನದ ಮಾತು ಹೇಳಬಹುದಿತ್ತು, ಹೇಳಲಿಲ್ಲ. ಅವಳೂ ಅದಕ್ಕೆ ಕಾಯದೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೋದಳು.

ಮತ್ತೆ ನಾವು ಮಾತಾಡಿಲ್ಲ. ಬೋಳುಕತ್ತಿನ ಕೋಳಿಗಳು ದೊಡ್ಡವಾಗಿ ಎರಡು ಕಡೆಯೂ ಕೆದರುತ್ತವೆ, ಅವಳು ಅವುಗಳ ಮೇಲೆ ಹಾಕಿ ಬೈಯುತ್ತಾಳೆ, ನಾನು ಬಕೆಟ್ಟಿಗೆ ಉತ್ತರ ಕೊಡುತ್ತೇನೆ. ಒಂದೇ ಒಂದು ವ್ಯತ್ಯಾಸ. ಈಗ ಆ ಕಡೆಯ ಕಿಟಕಿ ಧಡ್ ಎಂದು ಮುಚ್ಚಿಕೊಂಡರೆ, ಹುಡುಗಿಗೆ ಜ್ವರ ಬಂದಿದೆ ಎಂದು ನನಗೆ ಗೊತ್ತಾಗುತ್ತದೆ.