ಬಂಡೆಪ್ಪನ ಮೂರನೆಯ ವಿಭೂತಿ ವೀಳ್ಯ

ಬೆಳಗಾವಿಯಿಂದ ರೈಲಿನಲ್ಲಿ ಬಂದ ಬಂಡೆಪ್ಪನ ಮಗ ಭರಮಣ್ಣ ಖಾನಾಪುರದ ಮಠದ ಕಟ್ಟೆಯ ಮೇಲೆ ಕೂತು, "ಅಯ್ಯಾರ, ಅಪ್ಪ ಇನ್ನ ಉಳ್ಯಾಂಗಿಲ್ರಿ. ವಿಭೂತಿ ವೀಳ್ಯಕ್ಕ ನೀವ ಬರಬೇಕಂತ," ಎಂದಾಗ ಬಸಯ್ಯನಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು.

"ಮತ್ತ ಸಾಯಾಕತ್ತಾನೇನು?"

ಸಿಟ್ಟು ಬಾರದೆ ಏನು ಮಾಡೀತು? ಸಾಯುವವನ ಹಣೆಗೆ ಮನೆತನದ ಗುರುವಾದ ಅಯ್ಯ ವಿಭೂತಿ ಹಚ್ಚಿ, ತಲೆಯ ಮೇಲೆ ಬಲಪಾದ ಇಟ್ಟು ಕಳಿಸಿಕೊಡುವ ಶಾಸ್ತ್ರವನ್ನು ಬಂಡೆಪ್ಪ ದೀಪಾವಳಿಗೊಮ್ಮೆ, ಶಿವರಾತ್ರಿಗೊಮ್ಮೆ ಬೇಡಿದ್ದ. ಎರಡು ಸಲವೂ ಬಸಯ್ಯ ನೋಯುವ ಮಂಡಿ ಎಳೆದುಕೊಂಡು ಓಡಿದರೆ, ಪುಣ್ಯಾತ್ಮ ಹಾಸಿಗೆಯಲ್ಲಿ ಎದ್ದು ಕೂತು ಚಹಾ ಕುಡಿಯುತ್ತಿದ್ದ! ಉಬ್ಬಸ ಇದ್ದದ್ದೇನೋ ಖರೆ. ಆದರೆ ಮಗ ಬೆಳಗಾವಿಯ ಶಹಾಪುರದಲ್ಲಿ ಅಂಗಡಿ ಹಾಕಿ ಅಪ್ಪನನ್ನು ಕರೆದೊಯ್ದ ಮೇಲೆ, ಬಸಯ್ಯನನ್ನು ಕರೆಸಿಕೊಳ್ಳಲು ಮುದುಕನಿಗೆ ಸಾವು ಬಿಟ್ಟು ಬೇರೆ ನೆಪ ಉಳಿದಿರಲಿಲ್ಲ.

ರೈಲಿನಲ್ಲಿ ಇನ್ನೊಂದು ಕಾಟ. ಕಾಂಗ್ರೆಸ್ ಅಧಿವೇಶನ ಆದಾಗಿನಿಂದ ಬೆಳಗಾವಿ ಗಾಡಿಯ ತುಂಬ ಗಾಂಧಿ ಟೋಪಿಗಳೇ. ಎದುರು ಕೂತ ಟೋಪಿಯವನಿಗೆ ಭರಮಣ್ಣ ಹೆಮ್ಮೆಯಿಂದ ಹೇಳಿದ: "ನಮ್ಮ ಅಯ್ಯಾರು ಲಗ್ನಾನ ಆಗ್ಲಿಲ್ರಿ. ಕಾಮ ಗೆದ್ದವರು." ಟೋಪಿಯವನು ಎದ್ದು ಕಾಲಿಗೆ ಬಿದ್ದ.

ಗೆಲ್ಲಲಿಕ್ಕೆ ಬಸಯ್ಯ ಯುದ್ಧ ಮಾಡಿದ್ದಾದರೂ ಯಾವಾಗ? ಹೆಂಗಸರ ಕಡೆ ಅವನ ಮನಸ್ಸು ಹೊರಳಲೇ ಇಲ್ಲ. ಹೊರಳಿದ್ದು ಬಂಡೆಪ್ಪನ ಕಡೆ, ಅವನ ಕಟ್ಟಿಗೆ ಬಂಡಿ ಹತ್ತಿ ಕಣಕುಂಬಿಯ ಕಾಡಿನವರೆಗೆ ಹೋಗಿ ಬರುತ್ತಿದ್ದ ಪ್ರಾಯದಲ್ಲಿ. ಮನಸ್ಸೂ ಮೈಯೂ ಅಲ್ಲೇ ನಿಂತುಬಿಟ್ಟವು. ದಿನಾ ಮುಂಜಾನೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು 'ಇದರಿಂದ ಬಿಡಿಸು' ಎಂದು ಬೇಡಿದ. ಶಿವ ಬಿಡಿಸಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಬೈದಿದ್ದರಾದರೂ ಒಂದು ಸಮಾಧಾನ! ಈಗ ಹಲ್ಲು ಉದುರಿದವು, ಮಂಡಿ ಸವೆದವು, ಈ ಆಸೆಯೊಂದಕ್ಕೆ ಮಾತ್ರ ಮುಪ್ಪು ಬರಲೊಲ್ಲದು.

ಬಂಡೆಪ್ಪನಿಗೆ ಲಗ್ನವಾದ ಮೇಲೆ ಬಸಯ್ಯ ಆ ಮನೆಯಲ್ಲಿ ಪೂಜೆ ಮುಗಿಸಿದವನೇ ನಿಂತ ಕಾಲಲ್ಲೇ ಹೊರಡುತ್ತಿದ್ದ. ಹೆಂಡತಿ ಕಾಶವ್ವನ ಮುಖ ನೋಡುವ ಧೈರ್ಯವಿರಲಿಲ್ಲ. ಇನ್ನು ಪಾದದ ಮಾತು? ತನ್ನ ತೊಡೆಯ ಮೇಲೆ ಮಲಗಿದ್ದ ತಲೆಯ ಮೇಲೆ ಗುರುವಿನಂತೆ ಕಾಲಿಡುವುದೇ? ಎರಡು ಸಲವೂ 'ಇನ್ನೂ ವೇಳೆ ಬಂದಿಲ್ಲ' ಎಂದು ಜಾರಿಕೊಂಡಿದ್ದ.

ಈ ಸಲ ಬಂಡೆಪ್ಪ ಎದ್ದು ಕೂತಿರಲಿಲ್ಲ. ಎದೆ ಗೊರಗೊರ ಎನ್ನುತ್ತಿತ್ತು, ಸುತ್ತ ನೆಂಟರು ನೆರೆದಿದ್ದರು. ಬಸಯ್ಯನ ಸಿಟ್ಟು ಹೊಸ್ತಿಲಲ್ಲೇ ಇಳಿದುಹೋಯಿತು, ಅದರ ಜಾಗಕ್ಕೆ ಅಂಜಿಕೆ ಬಂತು.

"ಬ್ಯಾರೆ ಅಯ್ಯನ್ನ ಕರಸ್ರಿ. ನನ್ನ ಕೈಲಿ ಆಗೂದಿಲ್ಲ," ಎಂದ.

"ಮನಿತನದ ಅಯ್ಯಾರು ನೀವಿರೂವಾಗ ಬ್ಯಾರೆಯವರ್ಯಾಕ್ರಿ?" ಭರಮಣ್ಣ ದಂಗಾದ.

ಬಂಡೆಪ್ಪ ಬೆರಳಾಡಿಸಿ ಕರೆದ. ಬಸಯ್ಯ ಬಗ್ಗಿ ಕಿವಿಕೊಟ್ಟ.

"ಜಲ್ಮೆಲ್ಲಾ ಕದ್ದು ಮುಟ್ಟಿದಿ. ಇವತ್ತೊಂದಿನ ಎಲ್ಲಾರ ಎದುರಿಗೆ ಮುಟ್ಟೊ, ಹೇಡಿ."

ಸಾಯುವಾಗಲೂ ಬೈಗುಳವೇ! ಬಸಯ್ಯ ವಿಭೂತಿ ಹಚ್ಚಿದ. ಗೋಡೆ ಹಿಡಿದು ನಿಂತು, ಭಾರ ಬೀಳದ ಹಾಗೆ ಆ ನರೆತ ತಲೆಯ ಮೇಲೆ ಪಾದ ಇಟ್ಟ. ತೆಗೆಯಬೇಕೆನ್ನುವಷ್ಟರಲ್ಲಿ ಬಂಡೆಪ್ಪ ಎರಡೂ ಕೈಯಿಂದ ಅದನ್ನು ಹಿಡಿದು ಕೆನ್ನೆಗೆ ಒತ್ತಿಕೊಂಡ.

"ಬಿಡೊ, ಬೀಳ್ತೀನಿ!"

ಬಿಡಲಿಲ್ಲ. "ಎಂಥಾ ಗುರುಭಕ್ತಿ ನೋಡ್ರಿ!" ಎಂದು ನೆಂಟನೊಬ್ಬ ಕಣ್ಣೊರೆಸಿಕೊಂಡ. ಅವನ ತಲೆಗೆ ಪಾದೋದಕದ ತಂಬಿಗೆಯಿಂದ ಕುಟ್ಟಬೇಕೆನಿಸಿತು ಬಸಯ್ಯನಿಗೆ.

ಮೂಲೆಯಲ್ಲಿ ಕೂತಿದ್ದ ಕಾಶವ್ವ ಎದ್ದಳು. "ಎಲ್ಲಾರೂ ಹೊರಗ ನಡೀರಿ, ಒಂದೀಟು ಗಾಳಿ ಆಡ್ಲಿ." ಮಗನನ್ನೂ ಬಿಡದೆ ಹೊರಗಟ್ಟಿ, ಮಣೆ ತಂದು ಹಾಸಿಗೆಗೆ ತಾಗಿಸಿ ಇಟ್ಟಳು.

"ಕುಂದರ್ರಿ ಅಯ್ಯಾರ. ಬಂದಾಗೆಲ್ಲಾ ನಿಂತ ಹೋದ್ರಿ. ನಾ ಯಾವತ್ತರ ಕುಂದರಬ್ಯಾಡ್ರಿ ಅಂದಿದ್ನೇನು?"

ಉತ್ತರಕ್ಕೆ ಕಾಯದೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

ಬಸಯ್ಯ ಕೂತ. ಬಂಡೆಪ್ಪನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಕೆನ್ನೆಗಿಳಿದ ಕಣ್ಣೀರನ್ನು ಒರೆಸಿಕೊಳ್ಳದೆ ಗದರಿದ:

"ಇನ್ನೊಮ್ಮೆ ಕರಸಿದರ ನಾ ಬರಾಂಗಿಲ್ಲ ನೋಡು."