ಬಿಸಿನೀರಿನ ಬಾಟಲಿ

ಐವತ್ತರ ದಶಕದ ಕೊನೆಯಲ್ಲಿ ನಾನು ಜಯನಗರದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಹತ್ತು ಹಾಸಿಗೆಯ ಸಣ್ಣ ಕಟ್ಟಡ. ಸುತ್ತಮುತ್ತ ಇನ್ನೂ ಖಾಲಿ ಸೈಟುಗಳು, ಗಾಳಿಗೆ ಅಡ್ಡ ಬರುವಂಥದ್ದು ಒಂದೂ ಇರಲಿಲ್ಲ. ಬೆಂಗಳೂರಿನ ಚಳಿ ಹಿತವಾಗಿರುತ್ತದೆ ಎಂದು ಜನ ಹೇಳುತ್ತಿದ್ದರು. ಆ ಚಳಿಯಲ್ಲಿ ದಿನವಿಡೀ ಕಾರ್ಬಾಲಿಕ್ ಸೋಪು ಹಚ್ಚಿ ತಣ್ಣೀರಿನಲ್ಲಿ ಕೈ ತೊಳೆದವರು ಯಾರೂ ಹಾಗೆ ಹೇಳಲಾರರು. ಧನುರ್ಮಾಸ ಬರುವಷ್ಟರಲ್ಲಿ ನನ್ನ ಬೆರಳ ಗೆಣ್ಣುಗಳು ಒಡೆದು ರಕ್ತ ಒಸರುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳೋಣವೆಂದರೆ ಅದೂ ಶೀಶೆಯಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು.

ಚಳಿಗಾಲದಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಹಸುಗೂಸುಗಳನ್ನು ಬೆಚ್ಚಗಿಡುವುದು. ಹಿತ್ತಲಿನ ಹಂಡೆಯಲ್ಲಿ ಕಾಯಿಸಿದ ನೀರನ್ನು ಗಾಜಿನ ಬಾಟಲಿಗಳಿಗೆ ತುಂಬಿ, ಬಿರಡೆ ಬಿಗಿದು, ಎರಡು ಸುತ್ತು ಫ್ಲಾನಲ್ ಬಟ್ಟೆ ಸುತ್ತಿ, ತೊಟ್ಟಿಲಲ್ಲಿ ಮಗುವಿನ ಎರಡೂ ಪಕ್ಕಕ್ಕೆ ಇಡಬೇಕು. ಮೈಗೆ ತಾಗಬಾರದು, ದೂರವೂ ಆಗಬಾರದು. ಗಂಟೆಗೊಮ್ಮೆ ನೀರು ಬದಲಿಸಬೇಕು. ಕ್ರಿಸ್‌ಮಸ್ಸಿಗೆಂದು ಉಳಿದ ಇಬ್ಬರು ನರ್ಸುಗಳು ಊರಿಗೆ ಹೋದಾಗ ಅದೆಲ್ಲ ನನ್ನೊಬ್ಬಳ ಪಾಲಿಗೆ, ಜೊತೆಗೆ ಒಬ್ಬ ವಯಸ್ಸಾದ ಆಯಾ. ಹೆರಿಗೆ ಕೋಣೆಯಿಂದ ಹಂಡೆಗೆ, ಹಂಡೆಯಿಂದ ತೊಟ್ಟಿಲಿಗೆ ಓಡುವುದರಲ್ಲೇ ಹೊತ್ತು ಮುಳುಗುತ್ತಿತ್ತು.

ಅಂಥ ಒಂದು ಬೆಳಿಗ್ಗೆ, ತ್ಯಾಗರಾಜನಗರದ ದೊಡ್ಡ ಮನೆಯೊಂದರ ಬಾಣಂತಿಯ ತೊಟ್ಟಿಲಿಗೆ ಬಾಟಲಿ ಇಡುತ್ತಿದ್ದೆ. ಹುಟ್ಟಿ ಎರಡು ದಿನವಾದ ಹೆಣ್ಣು ಕೂಸು. ಬಾಣಂತಿ ನಿದ್ದೆಯಲ್ಲಿದ್ದಳು. ಅವಳ ತಾಯಿ ಪಕ್ಕದಲ್ಲಿ ಶಾಲು ಹೊದ್ದು ಕೂತಿದ್ದರು. ಆಕೆ ಬಾಟಲಿ ಮುಟ್ಟಿ ನೋಡಿ, "ಏನಮ್ಮ, ಇದು ಬಿಸಿನೇ ಇಲ್ವಲ್ಲ. ಮಗು ಕಾಲು ತಣ್ಣಗೆ ಕೊರೀತಿದೆ" ಎಂದರು.

"ಬಟ್ಟೆ ಸುತ್ತಿದೀನಮ್ಮ, ಅದಕ್ಕೆ ಕೈಗೆ ಗೊತ್ತಾಗಲ್ಲ. ದಯವಿಟ್ಟು ಕಾಲಿಗೆ ತಾಗಿಸ್ಬೇಡಿ."

"ಐದು ಹೆತ್ತಿದೀನಿ. ನೀನು ಹೇಳ್ಕೊಡ್ಬೇಕಾ ನಂಗೆ?"

ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕರೆ ಬಂತು, ಹೋದೆ. ಅರ್ಧ ಗಂಟೆಯಾಗಿರಬೇಕು. ಒಂದು ಮಗು ಚೀರುವುದು ಕೇಳಿಸಿತು. ಹಸಿವಿನ ಅಳು ಯಾವುದು, ನೋವಿನ ಅಳು ಯಾವುದು ಎಂದು ಅಷ್ಟು ದಿನದಲ್ಲಿ ನನಗೆ ತಿಳಿಯುತ್ತಿತ್ತು. ಓಡಿ ಬಂದು ನೋಡಿದರೆ ಫ್ಲಾನಲ್ ಬಟ್ಟೆ ಮಡಿಸಿ ಕಿಟಕಿಯ ಮೇಲಿಟ್ಟಿದೆ. ಬರಿ ಬಾಟಲಿ ಕೂಸಿನ ಎಡಗಾಲಿಗೆ ಒತ್ತಿಕೊಂಡಿದೆ. ಪಾದದ ಚರ್ಮ ಕೆಂಪಗಾಗಿ ಬೊಬ್ಬೆ ಎದ್ದಿತ್ತು.

ನಾನು ಬಾಯಿ ತೆರೆಯುವ ಮೊದಲೇ ಆಕೆ ಕೂಗಿದರು: "ನೋಡಿ, ಈ ಹುಡುಗಿ ಕೂಸಿನ ಕಾಲು ಸುಟ್ಟಿದಾಳೆ."

ಆಯಾ ಬಾಗಿಲಲ್ಲಿ ನೆಲ ಒರೆಸುತ್ತಿದ್ದವಳು. ಬಟ್ಟೆ ಬಿಚ್ಚಿದ್ದನ್ನು ಅವಳು ನೋಡಿದ್ದಳು. ನಾನು ಅವಳ ಕಡೆ ತಿರುಗಿದೆ. ಅವಳು ಬಕೆಟ್ ಎತ್ತಿಕೊಂಡು ಆಚೆ ಹೋದಳು.

ಮಧ್ಯಾಹ್ನ, ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರಮ್ಮ ತಮ್ಮ ಕೋಣೆಗೆ ಕರೆಸಿಕೊಂಡರು. ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ, "ನೀನು ಹೇಳ್ತಿರೋದು ನಿಜ ಅಂತ ನಂಗೆ ಗೊತ್ತು. ಆದ್ರೆ ಅವ್ರು ದೊಡ್ಡ ಜನ, ನಾಲ್ಕು ಮನೆಗೆ ಹೇಳಿದ್ರೆ ಈ ಆಸ್ಪತ್ರೆಗೆ ಯಾರೂ ಬರಲ್ಲ. ನನ್ನಿಂದ ತಪ್ಪಾಯ್ತು ಅಂತ ಒಂದು ಕಾಗದ ಬರ್ಕೊಟ್ಬಿಡು" ಎಂದರು.

"ನಾನು ಮಾಡಿಲ್ವಲ್ಲ ಮೇಡಂ."

"ಮಾಡಿಲ್ಲ. ಬರ್ಕೊಡು."

ಬರೆದುಕೊಟ್ಟೆ. ಸಿದ್ದಾಪುರದ ಒಂಟಿ ಕೋಣೆಯ ಮನೆಯಲ್ಲಿ ಅಮ್ಮ ನನ್ನ ಸಂಬಳವನ್ನೇ ನೆಚ್ಚಿಕೊಂಡಿದ್ದಳು. ಒಡೆದ ಬೆರಳಲ್ಲಿ ಪೆನ್ನು ಹಿಡಿಯಲು ಆಗದೆ ಎರಡು ಸಲ ಹಾಳೆ ಹಾಳಾಯಿತು. ಮಗುವಿನ ಗಾಯ ಹದಿನೈದು ದಿನದಲ್ಲಿ ಮಾಯಿತು. ಶಿವರಾತ್ರಿ ಕಳೆಯುತ್ತಲೇ, ಈಗ ಹೆರಿಗೆಗಳು ಕಡಿಮೆ ಎಂದು ಹೇಳಿ ಡಾಕ್ಟರಮ್ಮ ನನ್ನನ್ನು ಕೆಲಸದಿಂದ ಬಿಡಿಸಿದರು.

ಮುಂದಿನ ಚಳಿಗಾಲಕ್ಕೆ ನಾನು ನಮ್ಮ ಮನೆಗೆ ಹತ್ತಿರವೇ ಇದ್ದ ಇನ್ನೊಂದು ಆಸ್ಪತ್ರೆ ಸೇರಿದ್ದೆ. ಅದು ಧರ್ಮಾಸ್ಪತ್ರೆ, ಬಡವರೇ ಬರುತ್ತಿದ್ದರು. ಆ ವರ್ಷ ಒಮ್ಮೆ ಮೂರು ದಿನ ಬಿಡದೆ ಜಡಿಮಳೆ ಹಿಡಿಯಿತು. ಸೌದೆಯೆಲ್ಲ ಹಸಿ. ಆಗ ಒಂದು ಗಂಡು ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ತಾಯಿ ಜಯನಗರದಲ್ಲಿ ಏಳುತ್ತಿದ್ದ ಮನೆಗಳಿಗೆ ಇಟ್ಟಿಗೆ ಹೊರುವವಳು. ಕೂಸು ಒಂದು ಬೊಗಸೆಯಷ್ಟಿತ್ತು.

ನಾನೇ ಬಾಟಲಿ ತುಂಬಿದೆ. ಬಟ್ಟೆ ಸುತ್ತುವ ಮುಂಚೆ ಬಾಟಲಿ ಮುಟ್ಟಿ ನೋಡಿದೆ, ಬಿಸಿಯೆನಿಸಿತು. ಸ್ವಲ್ಪ ಚೆಲ್ಲಿ ತಣ್ಣೀರು ಬೆರೆಸಿದೆ. ಮತ್ತೆ ಮುಟ್ಟಿದೆ, ಇನ್ನಷ್ಟು ಬೆರೆಸಿದೆ. ಪ್ರತಿ ಗಂಟೆಗೂ ಹೀಗೇ ಮಾಡಿದೆ. ಆ ಬೊಬ್ಬೆ ಎದ್ದ ಪಾದ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಅಲ್ಲಿನ ಆಯಾ ಒಮ್ಮೆ ಬಾಟಲಿ ಹಿಡಿದು ನೋಡಿ, "ಸಿಸ್ಟರ್, ಈ ಬಿಸಿ ಸಾಲ್ದು ಅನ್ಸುತ್ತೆ" ಎಂದಳು.

"ಸಾಕು, ಇಡು" ಎಂದು ಗದರಿದೆ.

ಮಧ್ಯಾಹ್ನದ ಹೊತ್ತಿಗೆ ಕೂಸು ಅಳುವುದನ್ನು ನಿಲ್ಲಿಸಿತು. ಮಲಗಿದೆ ಎಂದುಕೊಂಡೆ. ಮೂರು ಗಂಟೆಗೆ ಹೊಟ್ಟೆಯ ಮೇಲೆ ಕೈಯಿಟ್ಟರೆ ತಣ್ಣಗಿತ್ತು. ತಾಯಿಯ ಎದೆಗೆ ಒತ್ತಿ ಹಿಡಿಸಿ, ಮೇಲೆ ಎರಡು ಕಂಬಳಿ ಹೊದಿಸಿ, ಕುದಿಯುವ ನೀರು ತರಲು ಓಡಿದೆ. ದೀಪ ಹಚ್ಚುವ ವೇಳೆಗೆ ಕೂಸು ಹೋಯಿತು.

ಡಾಕ್ಟರು ಬಂದು ನೋಡಿ, "ತಿಂಗಳು ತುಂಬದೆ ಹುಟ್ಟಿದ್ದು, ಉಳಿಯೋದು ಕಷ್ಟವೇ ಇತ್ತು" ಎಂದರು. ಇದ್ದರೂ ಇರಬಹುದು. ಅದು ನನಗೆ ಯಾವತ್ತಿಗೂ ತಿಳಿಯಲಾರದು. ಆದರೆ ಬಾಟಲಿಯಲ್ಲಿ ಎಂಥ ನೀರಿತ್ತೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವತ್ತು ನಿಜ ಹೇಳುತ್ತಿದ್ದೆ. ಇಟ್ಟಿಗೆ ಹೊರುವವಳ ಕೂಸಿಗೆ ಯಾರು ಕಾಗದ ಬರೆಸಿಕೊಳ್ಳುತ್ತಾರೆ?

ಆ ತಾಯಿ ಮಾತ್ರ ಹೋಗುವ ಮುಂಚೆ ನನ್ನ ಕೈ ಹಿಡಿದುಕೊಂಡಳು. "ನೀವು ಬೆಳಗಿಂದ ಕುಂತ್ಕೊಳ್ದೆ ಓಡಾಡಿದ್ರಲ್ಲಕ್ಕ, ನಾನ್ ನೋಡ್ತಿದ್ದೆ. ನಮ್ಮ ಹಣೇಲಿ ಬರ್ದಿರ್ಲಿಲ್ಲ ಬುಡಿ" ಎಂದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀರಿನ ವಿಷಯ ನಾನು ಅವಳಿಗೂ ಹೇಳಲಿಲ್ಲ. ಶಾಲು ಹೊದ್ದ ಆ ಹೆಂಗಸನ್ನು, ಡಾಕ್ಟರಮ್ಮನನ್ನು, ಬಕೆಟ್ ಎತ್ತಿಕೊಂಡು ಹೋದ ಆಯಾಳನ್ನು ಮನಸ್ಸಿನಲ್ಲೇ ಎಷ್ಟೋ ವರ್ಷ ಶಪಿಸಿದೆ. ಆದರೆ ತಣ್ಣೀರು ಬೆರೆಸಿದ ಕೈ ಅವರದಲ್ಲ.

ಮರುವಾರ ಅಂಥದೇ ಇನ್ನೊಂದು ಕೂಸು ಹುಟ್ಟಿತು. ಈ ಸಲ ನೀರು ಎಷ್ಟು ಬಿಸಿಯಿರಬೇಕೋ ಅಷ್ಟೇ ಬಿಸಿಯಾಗಿ ತುಂಬಿದೆ, ತೊಟ್ಟಿಲ ಪಕ್ಕ ಬಿಟ್ಟು ಕದಲಲಿಲ್ಲ. ಅದು ಉಳಿಯಿತು. ಮನೆಗೆ ಕರೆದೊಯ್ಯುವ ದಿನ ಅದರ ಅಪ್ಪ ಒಂದು ಚಿಪ್ಪು ಬಾಳೆಹಣ್ಣು ತಂದು ನನ್ನ ಕೈಗಿಟ್ಟ. ನಾನು ಒಂದನ್ನೂ ಮುರಿಯದೆ ಆಯಾಗೆ ಕೊಟ್ಟು, ಹಂಡೆಗೆ ನೀರು ತುಂಬಿಸಲು ಹಿತ್ತಲಿಗೆ ಹೋದೆ.